ಹಳೇ ಮನೆಯ ಮಣ್ಣಿನ ಚರಂಡಿ ಪೈಪು ಒಡೆದಿದೆ: ತೇಪೆ ಹಾಕಿಸೋದಾ, ಪೂರ್ತಿ ಬದಲಿಸೋದಾ?

ಮಲ್ಲೇಶ್ವರದ_ಮಗಳು (ಶನಿವಾರ, ಬೆಳಿಗ್ಗೆ 7:10)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಮಲ್ಲೇಶ್ವರದಲ್ಲಿ ತಾತ 1968ರಲ್ಲಿ ಕಟ್ಟಿಸಿದ ಮನೆ. ಕೆಳಗೆ ಅಮ್ಮ ಒಬ್ಬರೇ ಇರುವುದು, ಮೇಲೆ ಬಾಡಿಗೆಯವರು. ನಾಲ್ಕು ತಿಂಗಳಿಂದ ತಿಂಗಳಿಗೊಂದು ಸಲ ಚರಂಡಿ ಕಟ್ಟಿಕೊಳ್ಳುತ್ತಿದೆ. ಮೊದಲು ಬಚ್ಚಲಲ್ಲಿ ನೀರು ನಿಧಾನಕ್ಕೆ ಇಳಿಯುತ್ತದೆ. ಆಮೇಲೆ ಗುಳುಗುಳು ಸದ್ದು. ಎರಡು ದಿನ ಬಿಟ್ಟು ಮೇಲಿನವರು ಬಟ್ಟೆ ಒಗೆದರೆ ಸಾಕು, ನಮ್ಮ ಬಚ್ಚಲ ಜಾಲರಿಯಿಂದ ಸೋಪಿನ ನೊರೆ ಮೇಲಕ್ಕೆ ಬರುತ್ತದೆ. ಪ್ರತಿ ಸಲ ಬಿದಿರ ದಬ್ಬೆ ಹಾಕಿ ಚುಚ್ಚಿಸುತ್ತೇವೆ, ಒಂದು ತಿಂಗಳು ಸರಿ ಇರುತ್ತದೆ.

ಮನೆಯ ಪಕ್ಕದ ಓಣಿಯಲ್ಲಿ ಮೂರು ಛೇಂಬರ್ (ಮುಚ್ಚಳ ತೆಗೆದು ಚರಂಡಿ ನೋಡುವ ಗುಂಡಿ) ಇವೆ. ಲೈನು ಓಣಿಯ ಕೆಳಗೇ ಹಿಂದಕ್ಕೆ ಹೋಗಿ ಕನ್ಸರ್ವೆನ್ಸಿ ಗಲ್ಲಿಯಲ್ಲಿರುವ ಮುಖ್ಯ ಲೈನಿಗೆ ಸೇರುತ್ತದೆ. ಓಣಿಯ ಒಂದು ಕಡೆ ತೆಂಗಿನ ಮರ, ಇನ್ನೊಂದು ಕಡೆ ಸಂಪು. ಮಧ್ಯೆ ಎರಡು ಕಡಪ ಕಲ್ಲು ಕುಸಿದಿವೆ.

ಮೂವರನ್ನು ಕರೆದು ತೋರಿಸಿದೆ. ಒಬ್ಬರು ಕಲ್ಲು ಕುಸಿದ ಜಾಗದಲ್ಲಿ ಅಗೆದು ಸಿಮೆಂಟ್ ಹಾಕಿದರೆ ಸಾಕು ಅಂದರು. ಇನ್ನೊಬ್ಬರು ಹಿಂದಿನ ಲೈನೇ ಬೇಡ, ಹೊಸ ಪೈಪು ಎಳೆದು ಮುಂದಿನ ರಸ್ತೆಗೆ ಕೊಡೋಣ ಅಂದರು. ಮೂರನೆಯವರು ನಾಳೆ ಒಬ್ಬ ಹುಡುಗನನ್ನು ಕರೆತಂದು ಗಲ್ಲಿಯ ಮ್ಯಾನ್‌ಹೋಲ್ ಒಳಗೆ ಇಳಿಸಿ ನೋಡಿಸುತ್ತೇನೆ ಅಂದರು. ಅದು ನನಗೆ ಸರಿ ಅನ್ನಿಸಲಿಲ್ಲ, ಬೇಡ ಅಂತ ಹೇಳಿ ಕಳಿಸಿದೆ.

ದುಡ್ಡು ಖರ್ಚಾಗಲಿ, ಒಂದೇ ಸಲ ಸರಿಯಾಗಲಿ. ಅಮ್ಮನಿಗೆ 79 ವರ್ಷ, ಒದ್ದೆ ಬಚ್ಚಲಲ್ಲಿ ಜಾರಿ ಬಿದ್ದರೆ ಏನು ಗತಿ ಅನ್ನುವುದೇ ನನ್ನ ಭಯ. ಅನುಭವ ಇರುವವರು ಹೇಳಿ.

ಹುಬ್ಬಳ್ಳಿ_ಪ್ಲಂಬರ್ (ಶನಿವಾರ, ಬೆಳಿಗ್ಗೆ 8:02)

ಅಕ್ಕಾರೆ, 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೂವರಲ್ಲಿ ಯಾರಾದರೂ ಮೂರೂ ಛೇಂಬರಿನ ಮುಚ್ಚಳ ಒಟ್ಟಿಗೆ ತೆಗೆದು ನೋಡಿದರೇನು? ಅದು ಮೊದಲ ಕೆಲಸ ನೋಡ್ರಿ. ಅದನ್ನು ಬಿಟ್ಟು ಹಾರೆ ಕೈಗೆ ತಗೊಂಡವರ ಮಾತು ಕೇಳಬೇಡಿ.

ಮುಂದಿನ ಸಲ ಕಟ್ಟಿಕೊಂಡಾಗ ಚುಚ್ಚಿಸುವ ಮೊದಲು ಮೂರನ್ನೂ ತೆಗೆಯಿರಿ. ಮೂರೂ ತುಂಬಿದ್ದರೆ ತೊಂದರೆ ಮೂರನೆಯದರ ಆಚೆ ಇದೆ, ಬಹುಶಃ ಮುಖ್ಯ ಲೈನಿನಲ್ಲಿ. 1916ಕ್ಕೆ ಫೋನ್ ಮಾಡಿದರೆ ಜಲಮಂಡಳಿಗೆ ದೂರು ಹೋಗುತ್ತದೆ. ಒಂದು, ಎರಡು ತುಂಬಿ ಮೂರನೆಯದು ಖಾಲಿ ಇದ್ದರೆ ಎರಡಕ್ಕೂ ಮೂರಕ್ಕೂ ನಡುವೆ ಅಡ್ಡ ಆಗಿದೆ. ಅಷ್ಟು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು. ಲೈನು ಬಿಟ್ಟುಕೊಂಡ ಮೇಲೆ ಒಂದು ಬಕೆಟ್ ನೀರಿಗೆ ಹೋಳಿ ಬಣ್ಣ ಕಲಸಿ ಕಮೋಡಿಗೆ ಸುರಿಯಿರಿ. ಇಬ್ಬರು ಬೇಕು, ಒಬ್ಬರು ಸುರಿಯಲಿಕ್ಕೆ, ಒಬ್ಬರು ಕೊನೆಯ ಛೇಂಬರಿನ ಹತ್ತಿರ ನಿಲ್ಲಲಿಕ್ಕೆ. ಬಣ್ಣ ಭರ್ರನೆ ಬಂದು ಹೋಗಬೇಕು. ಸುರಿದದ್ದರಲ್ಲಿ ಅರ್ಧವೂ ಬರಲಿಲ್ಲ ಅಂದರೆ ಉಳಿದದ್ದು ಮಣ್ಣಿಗೆ ಇಳಿಯುತ್ತಿದೆ. ಬಂದರೂ ಎಷ್ಟೋ ಹೊತ್ತಿನ ತನಕ ತೆಳು ಬಣ್ಣ ಬರುತ್ತಲೇ ಇದ್ದರೆ ಒಳಗೆ ಎಲ್ಲೋ ಪೈಪು ಕುಸಿದು ನೀರು ನಿಲ್ಲುತ್ತಿದೆ ಅಂತ.

ಹುಡುಗನನ್ನು ಇಳಿಸುತ್ತೇನೆ ಅಂದವರನ್ನು ವಾಪಸ್ ಕಳಿಸಿದ್ದು ಬಹಳ ಒಳ್ಳೆಯದಾಯಿತು.

ನಿವೃತ್ತ_ಇಂಜಿನಿಯರ್_ಮೈಸೂರು (ಶನಿವಾರ, ಬೆಳಿಗ್ಗೆ 10:35)

ಪ್ಲಂಬರ್ ಅಣ್ಣ ಹೇಳಿದ್ದು ಅಕ್ಷರಶಃ ಸರಿ. ನಾನು ನಿಮ್ಮ ಪೈಪಿನ ಬಗ್ಗೆ ಸ್ವಲ್ಪ ಹೇಳುತ್ತೇನಮ್ಮ, ಅದು ಗೊತ್ತಾದರೆ ತೇಪೆ ಸಾಕಾ ಸಾಲದಾ ಅನ್ನುವುದು ನಿಮಗೇ ತಿಳಿಯುತ್ತದೆ.

1898ರ ಪ್ಲೇಗಿನ ಹೊತ್ತಿಗೆ ಯೋಜಿಸಿದ ಬಡಾವಣೆಗಳು ಮಲ್ಲೇಶ್ವರ, ಬಸವನಗುಡಿ. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದು ಆಗಿನ ಕಾಲಕ್ಕೆ ಮಲ ಹೊತ್ತೊಯ್ಯುವವರು ಮನೆಯ ಮುಂದೆ ಬರಬಾರದು ಅಂತ. ಅದೆಂಥ ವ್ಯವಸ್ಥೆ ಅಂತ ಇವತ್ತು ನೆನೆದರೂ ನೋವಾಗುತ್ತದೆ. ಬೆಂಗಳೂರಿನಲ್ಲಿ ಒಳಚರಂಡಿ ಶುರುವಾಗಿದ್ದು 1922ರಲ್ಲಿ. ಪೈಪುಗಳು ಬಂದಾಗ ಅದೇ ಗಲ್ಲಿಗಳಲ್ಲಿ ಹಾಕಿದರು, ಯಾಕೆಂದರೆ ಎಲ್ಲ ಮನೆಗಳ ಕಕ್ಕಸೂ ಹಿಂದೆಯೇ ಇತ್ತು. ಆದ್ದರಿಂದ ನಿಮ್ಮ ಲೈನು ಹಿಂದಕ್ಕೆ ಹೋಗುತ್ತದೆ.

1968ರ ಮನೆ ಅಂದರೆ ಖಂಡಿತ ಸ್ಟೋನ್‌ವೇರ್ ಪೈಪು. ಜೇಡಿಮಣ್ಣನ್ನು ಸುಟ್ಟು ಉಪ್ಪಿನ ಮೆರುಗು ಕೊಟ್ಟ ಕಂದು ಬಣ್ಣದ ಪೈಪು. ಪೈಪಿನ ಗುಣದಲ್ಲಿ ದೋಷವಿಲ್ಲ, ಆಸಿಡ್ ಕೂಡ ಅದನ್ನು ತಿನ್ನುವುದಿಲ್ಲ. ದೋಷ ಇರುವುದು ಜಾಯಿಂಟಿನಲ್ಲಿ. ಒಂದೊಂದು ತುಂಡು ಬರೀ 2 ಅಡಿ ಉದ್ದ. ನಿಮ್ಮ ಓಣಿ 40 ಅಡಿ ಇದ್ದರೆ ಸುಮಾರು 20 ಜಾಯಿಂಟು. ಪ್ರತಿಯೊಂದರಲ್ಲೂ ಸಿಮೆಂಟ್ ಹಾಲಿನಲ್ಲಿ ಅದ್ದಿದ ಸಣಬಿನ ಹುರಿ ಸುತ್ತಿ ಮೇಲೆ ಗಾರೆ ಕಟ್ಟಿರುತ್ತಾರೆ. ಭೂಮಿ ಸ್ವಲ್ಪ ಅಲುಗಿದರೂ ಆ ಗಾರೆ ಬಿರಿಯುತ್ತದೆ, ಪೈಪು ಅಲ್ಲ. ಕೂದಲೆಳೆಯಷ್ಟು ಬಿರುಕು ಸಾಕು ತೆಂಗಿನ ಬೇರಿಗೆ. ಅಲ್ಲಿ ನೀರಿದೆ, ಗೊಬ್ಬರವಿದೆ. ಒಳಗೆ ಹೋದ ಬೇರು ಪೊದೆಯಾಗಿ ಬೆಳೆಯುತ್ತದೆ. ನೀವು ದಬ್ಬೆಯಲ್ಲಿ ಚುಚ್ಚಿದಾಗ ಆ ಪೊದೆಯಲ್ಲಿ ತೂತು ಬೀಳುತ್ತದೆ ಅಷ್ಟೇ, ತಿಂಗಳಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಮನೆಯ ಲೆಕ್ಕ ಅದಕ್ಕೆ ಸರಿ ಹೊಂದುತ್ತಿದೆ.

ಒಂದು ಜಾಯಿಂಟು ಹೋಗಿದ್ದರೆ ತೇಪೆ ಹಾಕಿ. ಆದರೆ ಒಂದೇ ದಿನ, ಒಂದೇ ಕೈ ಕಟ್ಟಿದ ಇಪ್ಪತ್ತು ಜಾಯಿಂಟಿನಲ್ಲಿ ಒಂದು ಹೋಯಿತು ಅಂದರೆ ಮಿಕ್ಕವಕ್ಕೆ ಎಷ್ಟು ಆಯಸ್ಸು ಅಂತ ಯೋಚಿಸಬೇಕು ಅಲ್ವಾ?

ಮುಂದಿನ ರಸ್ತೆಗೆ ತಿರುಗಿಸುವ ಮಾತಿಗೆ ಒಪ್ಪುವ ಮೊದಲು ವಾಟ ಅಳೆಸಿ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಅನ್ನುವುದು ಹಳೇ ಲೆಕ್ಕ, 6 ಇಂಚಿಗೆ 60 ಅಡಿಗೆ 1 ಅಡಿ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಗಳು ಮನೆಗಿಂತ ಎತ್ತರ ಆಗಿವೆ. ಹಳೇ ಮನೆಯ ಹಿಂದಿನ ಬಚ್ಚಲಿನಿಂದ ಮುಂದಿನ ರಸ್ತೆಗೆ ಎಷ್ಟೋ ಕಡೆ ವಾಟವೇ ಸಿಗುವುದಿಲ್ಲ.

ಅಡುಗೆಮನೆ_ರಾಜಾಜಿನಗರ (ಶನಿವಾರ, ಮಧ್ಯಾಹ್ನ 12:20)

ನಮ್ಮ ಮನೆಯಲ್ಲೂ ವಾಸನೆ ಬರುತ್ತಿದೆ, ಆದರೆ ಕಟ್ಟಿಕೊಂಡಿಲ್ಲ. ಇದೂ ಪೈಪು ಒಡೆದದ್ದೇನಾ? ಓದಿ ಭಯ ಆಯಿತು.

ಹುಬ್ಬಳ್ಳಿ_ಪ್ಲಂಬರ್ (ಶನಿವಾರ, ಮಧ್ಯಾಹ್ನ 12:41)

ಭಯ ಬೇಡ ಮೇಡಂ. ಯಾವುದಾದರೂ ಬಚ್ಚಲು ವಾರಗಟ್ಟಲೆ ಬಳಸದೆ ಬಿಟ್ಟಿದ್ದೀರಾ? ಬಚ್ಚಲ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪಿನಲ್ಲಿ ಎರಡು ಇಂಚಿನಷ್ಟು ನೀರು ನಿಂತಿರುತ್ತದೆ, ಅದೇ ಗಾಳಿ ತಡೆಯುವ ಬಾಗಿಲು. ಆ ನೀರು ಆರಿದರೆ ಚರಂಡಿ ಗಾಳಿ ನೇರ ಮನೆಗೆ ಬರುತ್ತದೆ. ಎಲ್ಲ ಜಾಲರಿಗೂ ಒಂದೊಂದು ಚೊಂಬು ನೀರು ಹಾಕಿ ಒಂದು ದಿನ ನೋಡಿ. ಹೊರಗೆ ಬಚ್ಚಲ ನೀರು ಬಂದು ಬೀಳುವ ಪುಟ್ಟ ಗುಂಡಿ ಇರುತ್ತದಲ್ಲ, ಗಲ್ಲಿ ಟ್ರ್ಯಾಪ್, ಅದಕ್ಕೂ ಹಾಕಿ. ಅಷ್ಟಕ್ಕೇ ಹೋದರೆ ಪೈಪು ಚೆನ್ನಾಗಿದೆ.

ತುಮಕೂರು_ಟೀಚರ್ (ಶನಿವಾರ, ಮಧ್ಯಾಹ್ನ 3:15)

ಮಲ್ಲೇಶ್ವರದ ತಂಗಿ, ನೀವು ಸಂಪಿನ ವಿಷಯ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಎಲ್ಲಕ್ಕಿಂತ ಭಯ ಆಗಿದ್ದು ಅಲ್ಲೇ. ಒಡೆದ ಚರಂಡಿಯ ಪಕ್ಕದಲ್ಲೇ ಹಳೇ ಸಂಪು!

ನಮ್ಮ ಮನೆಯಲ್ಲಿ ಆರು ವರ್ಷದ ಹಿಂದೆ ಹೀಗೇ ಆಯಿತು. ಚರಂಡಿ ಸೋರುತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ಮಗನಿಗೆ ಕಾಮಾಲೆ, ಹದಿನೈದು ದಿನಕ್ಕೆ ಅತ್ತೆಗೆ. ಡಾಕ್ಟರು ನೀರು ಎಲ್ಲಿಂದ ಕುಡಿಯುತ್ತೀರಿ ಅಂತ ಕೇಳಿದ ಮೇಲೆ ಸಂಪು ಖಾಲಿ ಮಾಡಿಸಿದೆವು. ಗೋಡೆಯ ಒಂದು ಮೂಲೆಯಲ್ಲಿ ಬೆವರಿನ ಹಾಗೆ ಒಸರುತ್ತಿತ್ತು. ನಾನೇ ಕೈಯಲ್ಲಿ ಮುಟ್ಟಿ ನೋಡಿದೆ, ಆ ನೆನಪು ಇನ್ನೂ ಹೋಗಿಲ್ಲ.

ಇವತ್ತೇ ಪರೀಕ್ಷೆ ಮಾಡಿ. ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತದೆ. ಗೆರೆಯ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದೆರಡು ದಿನದಲ್ಲಿ ತಿಳಿಯುತ್ತದೆ. ನೀರು ಕಪ್ಪಾದರೆ ಕೊಳಚೆ ಸೇರಿದೆ ಅಂತ ಅನುಮಾನ ಪಡಬೇಕು. ಕಪ್ಪಾಗಲಿಲ್ಲ ಅಂತ ಪೂರ್ತಿ ನಂಬಲೂ ಬೇಡಿ, ಲ್ಯಾಬಿಗೂ ಕೊಡಿ. ಫಲಿತಾಂಶ ಬರುವ ತನಕ ಅಮ್ಮನಿಗೆ ಕುದಿಸಿ ಆರಿಸಿದ ನೀರೇ ಕೊಡಿ.

ಮಲ್ಲೇಶ್ವರದ_ಮಗಳು (ಶನಿವಾರ, ಸಂಜೆ 5:50)

ಅಕ್ಕಾ, ನಿಮ್ಮ ಮಾತು ಓದಿ ಕೈ ನಡುಗಿತು. ಬಾಟಲಿ ತಂದಿದ್ದೇನೆ. ಅಮ್ಮನಿಗೆ ಪಕ್ಕದ ಮನೆಯಿಂದ ಒಂದು ಬಿಂದಿಗೆ ನೀರು ತಂದು ಕುದಿಸಿ ಇಟ್ಟಿದ್ದೇನೆ. ಪ್ಲಂಬರ್ ಅಣ್ಣ ಹೇಳಿದ ಬಣ್ಣದ ಪರೀಕ್ಷೆ ನಾಳೆ.

ಶಿವಮೊಗ್ಗ_ಗಾಂಧಿಬಜಾರ್ (ಭಾನುವಾರ, ಬೆಳಿಗ್ಗೆ 9:05)

ಎಲ್ಲರೂ ಪೂರ್ತಿ ಬದಲಿಸಿ ಅನ್ನುತ್ತಿದ್ದೀರಿ, ನಾನು ಬೇರೆ ಹೇಳುತ್ತೇನೆ. ನಮ್ಮದೂ ಹಳೇ ಮಣ್ಣಿನ ಪೈಪೇ. ಮನೆ ಕೆಲಸಕ್ಕೆ ಜಲ್ಲಿ ತಂದ ಲಾರಿಯ ಚಕ್ರ ಹತ್ತಿ ಒಂದೇ ಕಡೆ ಒಡೆಯಿತು. ಆ ನಾಲ್ಕು ಅಡಿ ಮಾತ್ರ ತೆಗೆದು ಪಿವಿಸಿ ಹಾಕಿಸಿದೆ. 9 ವರ್ಷ ಆಯಿತು, ಒಂದು ದಿನ ಕಾಟ ಕೊಟ್ಟಿಲ್ಲ. ಎಲ್ಲರ ಹತ್ತಿರವೂ ಓಣಿ ಪೂರ್ತಿ ಅಗೆಸುವಷ್ಟು ದುಡ್ಡು ಇರುವುದಿಲ್ಲ ಸ್ವಾಮಿ.

ನಿವೃತ್ತ_ಇಂಜಿನಿಯರ್_ಮೈಸೂರು (ಭಾನುವಾರ, ಬೆಳಿಗ್ಗೆ 9:48)

ನಿಮ್ಮದು ಸರಿಯಾದ ನಿರ್ಧಾರವೇ. ಕಾರಣ ಹೊರಗಿನಿಂದ ಬಂತು, ಒಂದೇ ಜಾಗ, ಕಣ್ಣಿಗೆ ಕಾಣುತ್ತದೆ. ಅಂಥದಕ್ಕೆ ತೇಪೆಯೇ ಸಾಕು. ಬೇರು ಹೊಕ್ಕಿದ್ದು, ನೆಲ ಕುಸಿದಿದ್ದು ಬೇರೆ ಜಾತಿಯ ರೋಗ.

ತೇಪೆ ಹಾಕಿಸುವವರಿಗೆ ಒಂದು ಮಾತು. ಪಿವಿಸಿ ಪೈಪಿಗೆ ಸಿಮೆಂಟ್ ಗಾರೆ ಅಂಟುವುದಿಲ್ಲ. ಸುಮ್ನೆ ಮಣ್ಣಿನ ಪೈಪಿನ ಬಾಯಿಗೆ ಪಿವಿಸಿ ತೂರಿಸಿ ಗಾರೆ ಮೆತ್ತಿದರೆ ವರ್ಷದೊಳಗೆ ಸುತ್ತ ಬಿಟ್ಟುಕೊಳ್ಳುತ್ತದೆ. ಪಿವಿಸಿಯ ತುದಿಗೆ ಸಾಲ್ವೆಂಟ್ (ಪಿವಿಸಿ ಅಂಟು) ಸವರಿ, ಅದು ಹಸಿ ಇರುವಾಗಲೇ ಒಣ ಮರಳು ಉದುರಿಸಿ ಆರಲು ಬಿಡಿ. ಮೈ ತರಿತರಿ ಆಗುತ್ತದೆ, ಗಾರೆ ಹಿಡಿಯುತ್ತದೆ. ರಬ್ಬರ್ ಕಪ್ಲಿಂಗ್ ಸಿಕ್ಕರೆ ಅದು ಇನ್ನೂ ಒಳ್ಳೆಯದು.

ಮಲ್ಲೇಶ್ವರದ_ಮಗಳು (ಸೋಮವಾರ, ರಾತ್ರಿ 9:30)

ಎರಡು ದಿನದ ಸುದ್ದಿ.

ಬಣ್ಣದ ಪರೀಕ್ಷೆ ಮಾಡಿದೆವು. ಮೇಲಿನ ಮನೆಯ ಹುಡುಗ ಸುರಿದ, ನಾನು ಹಿಂದೆ ನಿಂತಿದ್ದೆ. ಒಂದನೇ ಛೇಂಬರಿಗೆ ಕೆಂಪು ತಕ್ಷಣ ಬಂತು. ಎರಡಕ್ಕೂ ಬಂತು. ಮೂರಕ್ಕೆ ಬಂದಿದ್ದು ತುಂಬ ಹೊತ್ತಾದ ಮೇಲೆ, ಅದೂ ರೋಸ್ ಹಾಲಿನ ಹಾಗೆ ತೆಳು. ಎರಡು ಬಕೆಟ್ ಸುರಿದರೂ ಅಷ್ಟೇ.

ಸಂಪಿನ ಬಾಟಲಿ ಇವತ್ತು ಬೆಳಿಗ್ಗೆ ನೋಡಿದರೆ ಕಪ್ಪಗಾಗಿತ್ತು. ಅಡುಗೆಮನೆ ಕಟ್ಟೆಯ ಮೇಲೆ ಇಟ್ಟಿದ್ದೆ. ಅಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. ಇಷ್ಟು ದಿನ ಇದೇ ನೀರಲ್ಲಿ ದೇವರ ಅಭಿಷೇಕ ಮಾಡಿದೆನಲ್ಲ ಅಂದರು. ನನಗೆ ಮಾತು ಬರಲಿಲ್ಲ.

ಸಂಪಿನ ನೀರು ಬಳಸುವುದು ನಿಲ್ಲಿಸಿದ್ದೇವೆ, ಮೇಲಿನವರಿಗೂ ಹೇಳಿದ್ದೇನೆ. ಲ್ಯಾಬಿಗೆ ಕೊಟ್ಟಿದ್ದೇನೆ. ನಾಳೆ ಕ್ಯಾಮೆರಾ ಬಿಟ್ಟು ನೋಡುವವರು ಬರುತ್ತಾರೆ.

ಬೇ_ಏರಿಯಾ_ಕನ್ನಡಿಗ (ಮಂಗಳವಾರ, ಬೆಳಿಗ್ಗೆ 6:12)

ಕ್ಯಾಮೆರಾ ಹಾಕಿಸುತ್ತಿರುವುದು ಒಳ್ಳೆಯ ಕೆಲಸ. ನಾನು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಇದ್ದೇನೆ. ಇಲ್ಲಿನ ಹಳೇ ಮನೆಗಳಲ್ಲೂ ಮಣ್ಣಿನ ಪೈಪೇ, ಅದೇ ಬೇರಿನ ಕಥೆ. ನಮ್ಮ ಭಾಗದ ನೀರಿನ ಸಂಸ್ಥೆಯ ನಿಯಮ ಏನೆಂದರೆ ಮನೆ ಮಾರುವಾಗ ಚರಂಡಿ ಲೈನು ಸೋರುತ್ತಿಲ್ಲ ಅಂತ ಪ್ರಮಾಣಪತ್ರ ತೋರಿಸಬೇಕು. ಪೂರ್ತಿ ಬದಲಿಸಿದರೆ ಪ್ರಮಾಣಪತ್ರ 20 ವರ್ಷಕ್ಕೆ, ಬರೀ ರಿಪೇರಿ ಮಾಡಿಸಿ ಪಾಸಾದರೆ 7 ವರ್ಷಕ್ಕೆ. ತೇಪೆಗೂ ಬದಲಾವಣೆಗೂ ಇರುವ ವ್ಯತ್ಯಾಸವನ್ನು ಅವರು ಹೀಗೆ ಅಳೆದಿದ್ದಾರೆ.

ಇಲ್ಲಿ ಅಗೆಯದೆ ಮಾಡುವ ಎರಡು ದಾರಿ ಇವೆ. ಒಂದು ಲೈನಿಂಗ್. ರಾಳದಲ್ಲಿ ನೆನೆಸಿದ ಬಟ್ಟೆಯ ತೋಳನ್ನು ಹಳೇ ಪೈಪಿನೊಳಗೆ ತೂರಿಸಿ, ಗಾಳಿ ಅಥವಾ ನೀರು ತುಂಬಿ ಉಬ್ಬಿಸಿ, ಬಿಸಿ ಮಾಡಿ ಗಟ್ಟಿ ಮಾಡುತ್ತಾರೆ. ಪೈಪಿನೊಳಗೇ ಹೊಸ ಪೈಪು. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಎಂಬವರು ಮೊದಲು ಮಾಡಿದ್ದು. ಇನ್ನೊಂದು ಪೈಪ್ ಬರ್ಸ್ಟಿಂಗ್. ಎರಡು ತುದಿಯಲ್ಲಿ ಎರಡೇ ಗುಂಡಿ ತೆಗೆದು, ಕೇಬಲ್ಲಿನಲ್ಲಿ ಒಂದು ಉಕ್ಕಿನ ಮೂತಿಯನ್ನು ಎಳೆಯುತ್ತಾರೆ. ಅದು ಹಳೇ ಪೈಪನ್ನು ಒಡೆಯುತ್ತಾ ಹೋಗುತ್ತದೆ, ಹಿಂದೆಯೇ ಹೊಸ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಬರುತ್ತದೆ. ನಮ್ಮ ಮನೆಗೆ ಎರಡನೆಯದನ್ನೇ ಮಾಡಿಸಿದೆ. ಬೆಳಿಗ್ಗೆ ಬಂದವರು ಸಂಜೆಗೆ ಮುಗಿಸಿದರು.

ನಿವೃತ್ತ_ಇಂಜಿನಿಯರ್_ಮೈಸೂರು (ಮಂಗಳವಾರ, ಬೆಳಿಗ್ಗೆ 8:30)

ಉಪಯುಕ್ತ ಮಾಹಿತಿ. ಆದರೆ ಲೈನಿಂಗ್ ಹಳೇ ಪೈಪಿನ ದಾರಿಯನ್ನೇ ಹಿಡಿಯುತ್ತದೆ. ಪೈಪು ಕುಸಿದು ಹೊಟ್ಟೆ ಬಿಟ್ಟಿದ್ದರೆ ಹೊಸ ಪೈಪಿಗೂ ಅದೇ ಹೊಟ್ಟೆ. ಬರ್ಸ್ಟಿಂಗಿಗೂ ಬಹುಮಟ್ಟಿಗೆ ಇದೇ ಮಾತು. ಜೊತೆಗೆ ಹಳೇ ಸಂಪಿನ ಗೋಡೆಯ ಪಕ್ಕದಲ್ಲಿ ಪೈಪು ಸಿಡಿಸುವುದು ನನಗೆ ಇಷ್ಟವಿಲ್ಲ. ಓಣಿಯ ಮೇಲಿರುವುದು ಬರೀ ಕಡಪ ಕಲ್ಲು, ಎತ್ತಿ ಮತ್ತೆ ಕೂರಿಸಬಹುದು. ಅಗೆಯುವುದೇ ವಾಸಿ.

ಮಲ್ಲೇಶ್ವರದ_ಮಗಳು (ಮಂಗಳವಾರ, ಸಂಜೆ 6:40)

ಕ್ಯಾಮೆರಾ ಆಯಿತು. ಎರಡನೇ ಛೇಂಬರಿನಿಂದ 11 ಅಡಿಗೆ ಬೇರು, ಪೈಪಿನ ಮುಕ್ಕಾಲು ಭಾಗ ತುಂಬಿದೆ. 14 ಅಡಿಯ ಹತ್ತಿರ ಪೈಪಿನ ತಳ ಒಡೆದು ಮಣ್ಣು ಕಾಣುತ್ತದೆ. ಅಲ್ಲೇ ಪಕ್ಕದಲ್ಲಿ ಸಂಪು. ಅಲ್ಲಿಂದ ಮುಂದೆ ಮೂರು ನಾಲ್ಕು ಅಡಿ ಕ್ಯಾಮೆರಾ ನೀರಿನೊಳಗೇ ಮುಳುಗಿ ಹೋಯಿತು, ಅಂದರೆ ಇಂಜಿನಿಯರ್ ಸರ್ ಹೇಳಿದ ಹೊಟ್ಟೆ.

ಟ್ಯೂಬ್ ಲೆವೆಲ್ ಹಿಡಿದು ವಾಟವನ್ನೂ ಅಳೆಸಿದೆ. ಮೊದಲ ಛೇಂಬರಿನ ತಳದಿಂದ ಕೊನೆಯದರ ತಳಕ್ಕೆ 42 ಅಡಿ ದೂರ, 14 ಇಂಚು ಇಳಿಜಾರು ಇದೆ. ಮುಂದಿನ ರಸ್ತೆಯ ಕಡೆಗೆ ಅಳೆದರೆ ಬರೀ 3 ಇಂಚು ಸಿಕ್ಕಿತು. ಮುಂದಕ್ಕೆ ತಿರುಗಿಸಿದ್ದರೆ ಜೀವನ ಪೂರ್ತಿ ದಬ್ಬೆ ಹಿಡಿದು ಕೂರಬೇಕಿತ್ತು.

ಪೂರ್ತಿ ಬದಲಿಸುವುದು ಅಂತ ತೀರ್ಮಾನ ಮಾಡಿದ್ದೇನೆ, ಹಳೇ ದಾರಿಯಲ್ಲೇ. ಕೆಲಸ ಮಾಡಿಸುವಾಗ ನಾನು ನಿಂತು ನೋಡಬೇಕಾದ್ದು ಏನೇನು ಹೇಳಿ.

ಹುಬ್ಬಳ್ಳಿ_ಪ್ಲಂಬರ್ (ಮಂಗಳವಾರ, ರಾತ್ರಿ 8:55)

ಬರೆದುಕೊಳ್ರಿ ಅಕ್ಕಾರೆ.

ಅಂಗಡಿಯಲ್ಲಿ ಬರೀ 4 ಇಂಚು ಪಿವಿಸಿ ಕೊಡಿ ಅನ್ನಬೇಡಿ. ಎಸ್‌ಡಬ್ಲ್ಯೂಆರ್ ಪೈಪಿನಲ್ಲಿ, ಅಂದರೆ ಕಕ್ಕಸು, ಬಚ್ಚಲು, ಮಳೆನೀರಿನ ಪಿವಿಸಿ ಪೈಪಿನಲ್ಲಿ, ಎರಡು ತರ ಇವೆ. ಎ ಟೈಪು ಮಳೆನೀರಿಗೆ, ಗಾಳಿ ಪೈಪಿಗೆ. ಬಿ ಟೈಪು ಕಕ್ಕಸಿನ ಲೈನಿಗೆ, ದಪ್ಪ ಜಾಸ್ತಿ. ಪೈಪಿನ ಮೈ ಮೇಲೆ ಐಎಸ್ 13592 ಅಂತ, ಟೈಪು ಬಿ ಅಂತ ಅಚ್ಚು ಇರುತ್ತದೆ. ಅದನ್ನು ನೀವೇ ಓದಿ ನೋಡಿ ಇಳಿಸಿಕೊಳ್ಳಿ. ಗಾಡಿ ಓಡಾಡುವ ಜಾಗವಾದರೆ ನೆಲದಡಿಗೆಂದೇ ಮಾಡಿದ ಇಟ್ಟಿಗೆ ಬಣ್ಣದ ಪೈಪು ಬರುತ್ತದೆ, ಐಎಸ್ 15328, ಅದು ಗಟ್ಟಿ. ಕೊನೆಯ ಛೇಂಬರಿನಿಂದ ಗಲ್ಲಿಯ ಲೈನಿಗೆ 6 ಇಂಚಿನದು ಹಾಕಿಸಿ. ಅಲ್ಲಿ ಕೈ ಹಾಕುವ ಮೊದಲು ಮಂಡಳಿಯ ಅನುಮತಿ ಬೇಕು.

ಗುಂಡಿ ತೋಡಿದ ಮೇಲೆ ತಳಕ್ಕೆ ನಾಲ್ಕು ಇಂಚು ಎಂ ಸ್ಯಾಂಡ್ ಹಾಸಿ ದಮ್ಮಸ್ ಮಾಡಬೇಕು. ಪೈಪು ಉದ್ದಕ್ಕೂ ಮರಳಿನ ಮೇಲೆ ಮಲಗಬೇಕು. ಅಲ್ಲಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಪೈಪು ಕೂರಿಸುತ್ತಾರೆ ನೋಡಿ, ಅದಕ್ಕೆ ಒಪ್ಪಲೇಬೇಡಿ. ಮೇಲೆ ಮಣ್ಣಿನ ಭಾರ ಬಿದ್ದಾಗ ಇಟ್ಟಿಗೆ ಇದ್ದ ಕಡೆ ನಿಲ್ಲುತ್ತದೆ, ನಡುವೆ ಜೋತು ಬೀಳುತ್ತದೆ. ಹೊಟ್ಟೆ ಬರುವುದೇ ಹೀಗೆ.

ತಿರುವಿನಲ್ಲಿ 90 ಡಿಗ್ರಿ ಎಲ್ಬೋ ಬೇಡ, 45ರದ್ದು ಎರಡು. ಲೈನು ಸೇರುವ ಕಡೆ ಟೀ ಆಕಾರದ ಜೋಡಣೆ ಬದಲು ವೈ ಆಕಾರದ್ದು. ಎಲ್ಲಿ ತಿರುವು, ಎಲ್ಲಿ ಇನ್ನೊಂದು ಲೈನು ಸೇರುತ್ತದೋ ಅಲ್ಲಿ ಛೇಂಬರ್ ಇರಬೇಕು. ಛೇಂಬರಿನ ತಳ ಚಪ್ಪಟೆ ಬಿಡಬಾರದು, ಅರ್ಧ ಪೈಪಿನ ಹಾಗೆ ಕಾಲುವೆ ಮಾಡಿ ಎರಡೂ ಕಡೆ ಇಳಿಜಾರಾಗಿ ಗಾರೆ ಕಟ್ಟಿ ನುಣ್ಣಗೆ ತಿಕ್ಕಿಸಿ.

ಮುಚ್ಚುವ ಮೊದಲು ನೀರು ಕಟ್ಟಿ ನೋಡಿ. ಕೆಳಗಿನ ತುದಿಗೆ ರಬ್ಬರ್ ಬಿರಡೆ ಹಾಕಿ, ಮೇಲಿನ ಛೇಂಬರಿನ ತನಕ ನೀರು ತುಂಬಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅರ್ಧ ಗಂಟೆ ಬಿಟ್ಟು ಬನ್ನಿ. ನೀರು ಗೆರೆಯ ಕೆಳಗೆ ಇಳಿದಿರಬಾರದು. ಸಂಜೆ ಆಯಿತು ಮುಚ್ಚಿಬಿಡೋಣ ಅಂತ ಯಾರು ಹೇಳಿದರೂ ಕೇಳಬೇಡಿ.

ಗುಂಡಿ ನಾಲ್ಕೈದು ಅಡಿಗಿಂತ ಆಳ ಹೋದರೆ ಪಕ್ಕಕ್ಕೆ ಹಲಗೆ ಕೊಡಿಸಿ. ತೆಗೆದ ಮಣ್ಣು ಅಂಚಿಗೇ ರಾಶಿ ಹಾಕಬಾರದು, ದೂರ ಹಾಕಿಸಿ. ಒಳಗೆ ಇರುವವನೂ ಒಂದು ಮನೆಯ ಮಗ.

ಚಿಂತಾಮಣಿ_ಹುಡುಗ (ಮಂಗಳವಾರ, ರಾತ್ರಿ 10:20)

ಕೊನೆಯ ಸಾಲು ಓದಿ ಬರೆಯಲೇಬೇಕು ಅನ್ನಿಸಿತು.

ನನ್ನ ದೊಡ್ಡಪ್ಪ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದರು. ಇಳಿಯುವ ಮೊದಲು ಬೆಂಕಿಕಡ್ಡಿ ಗೀರಿ ನೋಡುತ್ತಿದ್ದರು, ಅದೊಂದೇ ಅವರಿಗೆ ಗೊತ್ತಿದ್ದ ಪರೀಕ್ಷೆ, ಅದೂ ಅಪಾಯವೇ. ಒಳಗಿನ ಗಾಳಿಗೆ ಮೊದಲು ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ಜಾಸ್ತಿ ಆದಾಗ ಮೂಗೇ ಕೆಲಸ ನಿಲ್ಲಿಸುತ್ತದೆ, ವಾಸನೆ ಹೋಯಿತು ಅಂತ ಅನ್ನಿಸುತ್ತದೆ. ಅಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲೇ. ದೊಡ್ಡಪ್ಪನ ಜೊತೆಯವರು ಇಬ್ಬರು ಹಾಗೇ ಹೋದರು.

ಮಲ ಹೊರಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷತೆ ಇಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ಒಳಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಕರೆಸಿದ ಮನೆಯವರೂ ಸಿಕ್ಕಿಬೀಳುತ್ತಾರೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂದಿತು. ಆದರೂ ಇನ್ನೂ "ಒಬ್ಬ ಹುಡುಗನನ್ನು ಕರೆತರುತ್ತೇನೆ" ಅನ್ನುವ ಮಾತು ಬರುತ್ತಲೇ ಇದೆ. ಆ ಹುಡುಗ ಯಾವ ಕೇರಿಯವನು ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮೇಡಂ, ನೀವು ಬೇಡ ಅಂದಿರಲ್ಲ, ಅದಕ್ಕೆ ನನ್ನ ಕೈ ಮುಗಿದ ನಮಸ್ಕಾರ.

ಇನ್ನೊಂದು. ಕಟ್ಟಿಕೊಂಡಿತು ಅಂತ ಆಸಿಡ್ ಸುರಿಯುವವರು ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ನಿಮಗೂ ಕೆಟ್ಟದ್ದು, ಆಮೇಲೆ ಛೇಂಬರ್ ತೆಗೆಯುವವರಿಗೂ ಕೆಟ್ಟದ್ದು.

ಅಡುಗೆಮನೆ_ರಾಜಾಜಿನಗರ (ಬುಧವಾರ, ಬೆಳಿಗ್ಗೆ 7:25)

ಪ್ಲಂಬರ್ ಅಣ್ಣಾ, ಜಾಲರಿಗೆಲ್ಲ ನೀರು ಹಾಕಿದೆ. ವಾಸನೆ ಪೂರ್ತಿ ಹೋಯಿತು! ಅತಿಥಿಗಳ ಬಚ್ಚಲು ಎರಡು ತಿಂಗಳಿಂದ ಬಳಸಿರಲಿಲ್ಲ.

ಮಂಗಳೂರು_ಮಳೆ (ಬುಧವಾರ, ಬೆಳಿಗ್ಗೆ 11:00)

ಒಂದು ವಿಷಯ ಯಾರೂ ಹೇಳಲಿಲ್ಲ. ತಾರಸಿಯ ಮಳೆನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದನ್ನೂ ಚರಂಡಿ ಛೇಂಬರಿಗೇ ಬಿಟ್ಟಿರುತ್ತಾರೆ. ಜೋರು ಮಳೆ ಬಂದರೆ ಮುಖ್ಯ ಲೈನು ತುಂಬಿ ತಗ್ಗಿನ ಮನೆಗೆ ಹಿಂದಕ್ಕೆ ನುಗ್ಗುತ್ತದೆ. ಹೇಗೂ ಅಗೆಯುತ್ತಿದ್ದೀರಿ, ಈಗಲೇ ಬೇರೆ ಮಾಡಿ. ಮನೆ ಗಲ್ಲಿಗಿಂತ ತಗ್ಗಿದ್ದರೆ ಕೊನೆಯ ಛೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಆದರೆ ಅದನ್ನು ಆಗಾಗ ತೊಳೆಯಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ.

ಮಲ್ಲೇಶ್ವರದ_ಮಗಳು (ಹನ್ನೆರಡು ದಿನದ ನಂತರ, ಭಾನುವಾರ ರಾತ್ರಿ)

ಕೆಲಸ ಮುಗಿಯಿತು.

ಅಗೆದಾಗ ಕಂಡದ್ದನ್ನು ಹೇಳುತ್ತೇನೆ. 11 ಅಡಿಯ ಜಾಯಿಂಟು ಎತ್ತಿದಾಗ ಬೇರು ಪೈಪಿನ ಆಕಾರದಲ್ಲೇ ಹೊರಗೆ ಬಂತು. ಎರಡು ಅಡಿ ಉದ್ದ, ಹೆಂಗಸರ ಜಡೆಯ ಹಾಗೆ ಹೆಣೆದುಕೊಂಡಿತ್ತು, ಕಂದು ಬಣ್ಣ, ಒದ್ದೆ, ಎತ್ತಲು ಇಬ್ಬರು ಬೇಕಾಯಿತು. ಮಣ್ಣಿನ ಪೈಪಿನ ಮೆರುಗು ಮಾತ್ರ ಇನ್ನೂ ಹಾಗೇ ಇದೆ, ತೊಳೆದರೆ ಫಳಫಳ ಅನ್ನುತ್ತದೆ. ಜಾಯಿಂಟಿನ ಸಣಬು ಕಪ್ಪಗಾಗಿ, ಬೆರಳಲ್ಲಿ ಹಿಸುಕಿದರೆ ಪುಡಿ ಆಗುತ್ತಿತ್ತು. ಇಂಜಿನಿಯರ್ ಸರ್ ಹೇಳಿದ್ದು ಕಣ್ಣಾರೆ ಕಂಡೆ. ಒಟ್ಟು ಜಾಯಿಂಟಿನಲ್ಲಿ ಏಳರಲ್ಲಿ ಬೇರು ಇತ್ತು. ತೇಪೆ ಹಾಕಿಸಿದ್ದರೆ ಆರು ಉಳಿಯುತ್ತಿದ್ದವು.

ಒಂದು ಜಾಗದಲ್ಲಿ ಪೈಪಿನ ಕೆಳಗೆ ಮಣ್ಣೇ ಇರಲಿಲ್ಲ. ಕೈ ಹಾಕಿದರೆ ಮೊಣಕೈ ತನಕ ಟೊಳ್ಳು. ಅದರ ಮೇಲೆ ಅಮ್ಮ ದಿನಾ ಬಿಂದಿಗೆ ಹಿಡಿದು ಓಡಾಡುತ್ತಿದ್ದರು.

ಒಬ್ಬ ಕೆಲಸಗಾರ ಇಟ್ಟಿಗೆ ಇಡಲು ಬಂದ, ಬೇಡಪ್ಪ ಅಂದೆ. ಮರಳು ಹಾಸಿಸಿದೆ. ಮೊದಲ ದಿನದ ನೀರಿನ ಪರೀಕ್ಷೆಯಲ್ಲಿ ಗೆರೆಗಿಂತ ಎರಡು ಬೆರಳು ಇಳಿದಿತ್ತು. ಮೇಸ್ತ್ರಿ ಛೇಂಬರಿನ ಗೋಡೆ ಹೀರಿರಬಹುದು ಅಂದರು. ಮತ್ತೆ ತುಂಬಿಸಿದೆ, ಮತ್ತೆ ಇಳಿಯಿತು. ಹುಡುಕಿದರೆ ಒಂದು ಜಾಯಿಂಟಿನಲ್ಲಿ ರಬ್ಬರ್ ರಿಂಗ್ ಮಡಚಿಕೊಂಡಿತ್ತು. ಬಿಚ್ಚಿ ಬೇರೆ ಹಾಕಿದರು. ರಾತ್ರಿ ಪೂರ್ತಿ ನೀರು ಕಟ್ಟಿಟ್ಟು ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ಹೋದೆ. ಗೆರೆಯಲ್ಲೇ ನಿಂತಿತ್ತು.

ಗಲ್ಲಿಯ ಕಡೆಯ ಕೆಲಸ ಅನುಮತಿ ತಗೊಂಡೇ ಆಯಿತು. ಯಾರೂ ಒಳಗೆ ಇಳಿಯಲಿಲ್ಲ, ಜೋರಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಗಾಡಿ ಬಂದು ಮೇಲಿನಿಂದಲೇ ತೊಳೆಯಿತು. ಚಿಂತಾಮಣಿ ತಮ್ಮನಿಗೆ ಇದನ್ನು ಹೇಳಬೇಕು ಅನ್ನಿಸಿತು.

ಲ್ಯಾಬಿನ ವರದಿಯಲ್ಲೂ ನೀರು ಕೆಟ್ಟಿದೆ ಅಂತಲೇ ಬಂತು. ಹಳೇ ಸಂಪನ್ನು ಪೂರ್ತಿ ಬಿಟ್ಟೆವು. ಮನೆಯ ಮುಂದೆ, ಚರಂಡಿಯಿಂದ ದೂರ, ಹೊಸ ಟ್ಯಾಂಕು ಇಡಿಸಿದ್ದೇವೆ. ತುಮಕೂರಿನ ಅಕ್ಕಾ, ನೀವು ಆ ದಿನ ಬರೆಯದಿದ್ದರೆ ನಾನು ಪೈಪು ಸರಿಮಾಡಿಸಿ ಅದೇ ನೀರು ಕುಡಿಸುತ್ತಿದ್ದೆ.

ತೆಂಗಿನ ಮರ ಕಡಿಯಲಿಲ್ಲ. ತಾತ ನೆಟ್ಟದ್ದು. ಹೊಸ ಪೈಪಿಗೆ ಆ ಕಡೆ ಇರುವುದು ಎರಡೇ ಜಾಯಿಂಟು.

ಶಿವಮೊಗ್ಗ_ಗಾಂಧಿಬಜಾರ್ (ಅದೇ ರಾತ್ರಿ)

ಏಳು ಜಾಯಿಂಟಾ! ನಿಮ್ಮ ವಿಷಯದಲ್ಲಿ ಪೂರ್ತಿ ಬದಲಿಸಿದ್ದೇ ಸರಿ, ಒಪ್ಪಿದೆ. ಕಲ್ಲು ಮುಚ್ಚುವ ಮೊದಲು ಫೋಟೊ ತೆಗೆದಿದ್ದೀರಿ ತಾನೆ? ನಮ್ಮಲ್ಲಿ ಪೈಪು ಎಲ್ಲಿದೆ ಅಂತ ಹುಡುಕಲಿಕ್ಕೇ ಮೂರು ಕಡೆ ಅಗೆದಿದ್ದೆವು.

ಮಲ್ಲೇಶ್ವರದ_ಮಗಳು (ಅದೇ ರಾತ್ರಿ)

ತೆಗೆದಿದ್ದೇನೆ. ಟೇಪು ಹಿಡಿದು ಗೋಡೆಯಿಂದ ಪೈಪಿಗೆ ಎಷ್ಟು, ಆಳ ಎಷ್ಟು, ಜಾಯಿಂಟು ಎಲ್ಲೆಲ್ಲಿ ಅಂತ ಒಂದು ಹಾಳೆಯಲ್ಲಿ ಬರೆದು ಕರೆಂಟ್ ಮೀಟರ್ ಬಾಗಿಲ ಒಳಗೆ ಅಂಟಿಸಿದ್ದೇನೆ. ಅಮ್ಮ ಅದರ ಕೆಳಗೆ ತಾರೀಖು ಬರೆದು ಸಹಿ ಹಾಕಿದರು.